ಎರಡನೆಯ ಬಿಲ್ಲು

ರುದ್ರಸ್ವಾಮಿಯ ಗಾಜಿನ ಬೀರುವಿನಲ್ಲಿ ಹೆಬ್ಬೆರಳೆತ್ತರದ ಯೋಧರೂ ಮಾಂತ್ರಿಕರೂ ಸಾಲಾಗಿ ನಿಂತು ಉಸಿರಾಡುತ್ತಿದ್ದರು. ತಾವಾಗಿ ಬಂದು ಸೇರಿಕೊಂಡ ಜನರನ್ನು ಆಟಿಕೆ ಕಂಪನಿ ಕುಗ್ಗಿಸಿ, ಬಣ್ಣ ಬಳಿದು, ಮೇಜಿನ ಮೇಲಾಡುವ ಯುದ್ಧದಾಟಕ್ಕೆಂದು ಮಾರುತ್ತಿತ್ತು.

ಹೋದ ತಿಂಗಳು ಅವರಲ್ಲೊಬ್ಬ ಬಿಲ್ಲುಗಾರನ ಹೆಂಡತಿ ಚಂದ್ರಕಲಾ ಬಾಗಿಲಿಗೆ ಬಂದು ಗೋಗರೆದಿದ್ದಳು. "ನಮ್ಮ ಯಜಮಾನ್ರನ್ನ ಕೊಟ್ಬಿಡಿ ಸಾರ್."

"ಸೆಟ್ ಮುರಿಯೋಕಾಗಲ್ಲಮ್ಮ. ಅಷ್ಟು ಆಸೆಯಿದ್ರೆ ನೀನೂ ಸೇರ್ಕೋ. ನನ್ನ ಹೆಸರು ಹೇಳು, ಇಲ್ಲಿಗೇ ಕಳಿಸ್ತಾರೆ."

ಇಂದು ಕಂಪನಿಯಿಂದ ಪೆಟ್ಟಿಗೆ ಬಂತು. ಒಳಗೆ ಅವಳೇ. ಗಂಡನ ಪಕ್ಕ ಒಪ್ಪಬೇಕೆಂದು ತಾನೇ ಕೇಳಿ ಹಾಕಿಸಿಕೊಂಡಿದ್ದ ವೇಷ: ಅದೇ ಹಸಿರು ಅಂಗಿ, ಅದೇ ಬಿಲ್ಲು. ಬೀರುವಿನೊಳಗೆ ಗಂಡ ಗಾಜಿಗೆ ಹಣೆಯೊತ್ತಿ ನಿಂತಿದ್ದ.

ಒಂದೇ ವೇಷ ಎರಡಾದರೆ ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಬದಲಿ ಕೊಡುವುದು ಸಂಗ್ರಾಹಕರ ಪದ್ಧತಿ. ರುದ್ರಸ್ವಾಮಿ ಗೆಳೆಯನಿಗೆ ಫೋನ್ ಮಾಡಿದ.

"ಬಿಲ್ಲು ಎರಡಾಯ್ತು ಕಣಯ್ಯ. ಹಳೇದು ತಗೊಂಡು ನಿನ್ನ ಮಾಂತ್ರಿಕನ್ನ ಕೊಡ್ತೀಯಾ?"

"ಬಣ್ಣ ಹೆಂಗಿದೆ?"

"ಕೆನ್ನೆ ಹತ್ರ ಹೋಗಿದೆ. ಯಾವಾಗ್ಲೂ ಅಳ್ತಿರ್ತಾನೆ."

ಗೆಳೆಯ ಒಪ್ಪಿದ. ರುದ್ರಸ್ವಾಮಿ ಗಂಡನನ್ನು ಚಿಮಟದಿಂದೆತ್ತಿ ಖಾಲಿ ಪೆಟ್ಟಿಗೆಗೆ ಹಾಕಿ ಅಂಟುಪಟ್ಟಿ ಬಿಗಿದ. ಆ ಜಾಗದಲ್ಲಿ ಚಂದ್ರಕಲಾಳನ್ನು ನಿಲ್ಲಿಸಿ, ಕರವಸ್ತ್ರದ ತುದಿಯಿಂದ ಅವಳ ಕಣ್ಣೊತ್ತಿದ.

"ನೀನಾದ್ರೂ ಅಳ್ಬೇಡಮ್ಮ," ಎಂದ. "ಬಣ್ಣ ಹೋಗತ್ತೆ."