ಸುಟ್ಟ ಅರಿಶಿನದ ಕೊಂಬು

ಇಂದಿಗೂ ಇಂದಿರಾಪುರಂನ ನಮ್ಮ ಅಡುಗೆಮನೆಯಲ್ಲಿ ಗ್ಯಾಸಿನ ಉರಿಗೆ ಅರಿಶಿನ ಬಿದ್ದು ಸೀದ ವಾಸನೆ ಬಂದರೆ, ನನ್ನ ಎಡಗೈ ತಾನಾಗಿಯೇ ಬೆನ್ನ ಹಿಂದೆ ಅಡಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ನನಗೆ ಕಾಮಾಲೆಯಾದಾಗ ಡಾಕ್ಟರು, ಮಲಗಿ ಸುಧಾರಿಸಿಕೊಂಡರೆ ಸಾಕು ಅಂದಿದ್ದರು. ಅಜ್ಜಿಗೆ ಸಾಲಲಿಲ್ಲ. ಅರಿಶಿನದ ಕೊಂಬನ್ನು ಕೆಂಡ ಮಾಡಿ ನನ್ನ ಮಣಿಕಟ್ಟಿಗೆ ಬರೆ ಹಾಕಿದಳು. ಮೂರು ವಾರ ಹಾಸಿಗೆಯಲ್ಲೇ ಬಿದ್ದಿದ್ದು ಗುಣವಾದೆ. ಹೆಸರು ಬಂದದ್ದು ಮಾತ್ರ ಬರೆಗೆ.

ಒಂದು ಮಧ್ಯಾಹ್ನ ಮೇಲಿನ ಮನೆಯ ಆಂಟಿ ಐದು ವರ್ಷದ ಪಿಂಕಿಯನ್ನು ಎತ್ತಿಕೊಂಡು ಬಂದರು. ಮಗುವಿನ ಕಣ್ಣು ಹಳದಿಯಾಗಿತ್ತು. ಅಜ್ಜಿಗೆ ಹಿಂದಿ ಬಾರದು. ನನ್ನ ಕೈಯನ್ನು ಎಳೆದು ಕಲೆ ತೋರಿಸಿದಳು. "ಹೇಳೋ ಅವರಿಗೆ, ಇದರಿಂದಲೇ ನೀನು ಬದುಕಿದ್ದು ಅಂತ." ಹೇಳಿದೆ.

ಕೊಂಬಿನ ತುದಿ ಒಲೆಯ ಮೇಲೆ ಕೆಂಪಾಗುತ್ತಿತ್ತು. ಪಿಂಕಿ ನನ್ನ ಅಂಗಿ ಹಿಡಿದಳು. "ಭಯ್ಯಾ, ದರ್ದ್ ಹೋಗಾ?"

"ಏನಂತೆ?" ಅಂದಳು ಅಜ್ಜಿ.

"ನೋವಾಗತ್ತಾ ಅಂತ ಕೇಳ್ತಿದಾಳೆ."

"ಇಲ್ಲ ಅನ್ನು. ಆಮೇಲೆ ಕಾಲು ಗಟ್ಟಿಯಾಗಿ ಹಿಡ್ಕೋ."

"ನಹೀಂ," ಅಂದೆ.

ಚುಂಯ್ ಅಂದಿತು. ಅರಿಶಿನದ ಹೊಗೆಯ ಜೊತೆ ಚರ್ಮ ಸುಟ್ಟ ಕಮಟು ಎದ್ದಿತು. ಪಿಂಕಿ ಕಿರುಚುತ್ತ ನನ್ನನ್ನೇ ನೋಡುತ್ತಿದ್ದಳು, ಅಜ್ಜಿಯನ್ನಲ್ಲ. ಅವಳ ಹಿಮ್ಮಡಿ ನನ್ನ ಬಾಯಿಗೆ ಬಡಿದು ತುಟಿ ಒಡೆಯಿತು.

"ಇನ್ನೊಂದೇ," ಅಂದಳು ಅಜ್ಜಿ.

ನಾನು ರಕ್ತ ನುಂಗಿಕೊಂಡೆ. ಕಾಲು ಬಿಡಲಿಲ್ಲ.