ಹನ್ನೊಂದು ಜಡ್ಜುಗಳು

ಮೀನೂಟದ ಹೋಟೆಲುಗಳ ವೈನ್ ಪಟ್ಟಿಗೆ ಬಹುಮಾನ ಕೊಡುವ ಪತ್ರಿಕೆಯೊಂದು, ತನ್ನ ಜಡ್ಜು ಗುಟ್ಟಾಗಿ ಬರುತ್ತಾರೆಂದು ಅಂಥದೊಂದು ಹೋಟೆಲು ನಡೆಸುವ ಜಲಜಕ್ಕನಿಗೆ ತಿಳಿಸಿತು. ಜಡ್ಜಿಗೆ ವೈನ್ ಪುಕ್ಕಟೆ ಎಂಬುದು ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು.

ಮರುದಿನ ಮಧ್ಯಾಹ್ನ ಹನ್ನೊಂದು ಮೇಜಿಗೆ ಹನ್ನೊಂದು ಜನ, ಎಲ್ಲರ ಕೈಯಲ್ಲೂ ನೋಟುಬುಕ್ಕು. ಐಸ್ ಫ್ಯಾಕ್ಟರಿಯ ವಾಸಣ್ಣ ಗ್ಲಾಸನ್ನು ಬೆಳಕಿಗೆ ಹಿಡಿದ. ಬಲೆ ಹೆಣೆಯುವ ಶೀನ ಕಣ್ಣು ಮುಚ್ಚಿ ಮೂಸಿದ. ಹನ್ನೊಂದೂ ಜನ ಜಲಜಕ್ಕನ ಕಿವಿಯಲ್ಲಿ ಉಸುರಿದ್ದು ಒಂದೇ ಮಾತು: "ನಾನೇ ಜಡ್ಜು, ಯಾರತ್ರವೂ ಹೇಳ್ಬೇಡಿ."

ಯಾರಿಗೆ ಇಲ್ಲವೆನ್ನುವುದು? ಎಲ್ಲರಿಗೂ ಸುರಿದಳು.

ಅಷ್ಟರಲ್ಲಿ ಅಪರಿಚಿತನೊಬ್ಬ ಬಂದ. "ಜಾಗ ಉಂಟಾ ಅಕ್ಕ?"

"ನಿಮ್ದು ಬುಕ್ಕು ಎಲ್ಲಿ?"

"ಬುಕ್ಕಾ? ಇಲ್ವಲ್ಲ."

"ಹಾಗಾದ್ರೆ ಹೊರಗೆ ಬೆಂಚಲ್ಲಿ ಕೂತ್ಕೊಳ್ಳಿ ಮಾರಾಯ್ರೆ. ಒಳಗೆ ಇವತ್ತು ಜಡ್ಜುಗಳಿಗೆ ಮಾತ್ರ!"

ಅವನು ಕಿಟಕಿಯಿಂದ ಒಳಗೆ ನೋಡುತ್ತ ಬಂಗುಡೆ ಫ್ರೈ ತಿಂದು ಹೋದ.

ಮುಂದಿನ ತಿಂಗಳ ಪತ್ರಿಕೆಯನ್ನು ವಾಸಣ್ಣನೇ ಗಟ್ಟಿಯಾಗಿ ಓದಿದ:

"ಪಟ್ಟಿಯಲ್ಲಿದ್ದದ್ದು ನಾಲ್ಕೇ ವೈನ್, ನನಗೆ ಒಂದು ಹನಿಯೂ ಸಿಗಲಿಲ್ಲ. ಆದರೆ ಪ್ರತಿಯೊಬ್ಬ ಗಿರಾಕಿಯೂ ಬೆಳಕಿಗೆ ಹಿಡಿದು, ಮೂಸಿ, ಬರೆದುಕೊಂಡು ಕುಡಿಯುವ ಹೋಟೆಲನ್ನು ನಾನು ಫ್ರಾನ್ಸಿನಲ್ಲೂ ಕಂಡಿಲ್ಲ. ಹೊರಗಿನ ಬೆಂಚಿನಿಂದಲೇ ಮೊದಲ ಬಹುಮಾನ ಕೊಡುತ್ತಿದ್ದೇನೆ."