ಹತ್ತನೆಯ ದಿನದ ಕಣ್ಣು

ಕುಡುಗೋಲಿನ ಮುರುಕು ಕಂಡ ಕೂಡಲೇ ಟೆಕ್ನಿಷಿಯನ್ ಧರ್ಮೇಂದ್ರ ಎಂಆರ್‌ಐ ಸ್ಕ್ಯಾನಿಂಗ್ ಕೋಣೆಯ ಬಾಗಿಲನ್ನು ದಡಾರನೆ ಎಳೆದು ಅದಕ್ಕೆ ಬೆನ್ನು ಕೊಟ್ಟು ನಿಂತ.

“ಹಿಂದಕ್ಕೆ ತಗೊಳ್ರೀ ಅದನ್ನ! ಇನ್ನೂ ಹಿಂದಕ್ಕೆ!”

ಬೃಂದಾಳ ಬಲಗೈಯಲ್ಲಿ ಕೋಳಿಮೊಟ್ಟೆಯಿತ್ತು. ಎಡಗೈಯಲ್ಲಿ ಆ ಕಬ್ಬಿಣದ ಮುರುಕು. ಹಂಪಾಪುರದ ಪುಟ್ಟತಾಯಮ್ಮ ಈಗಷ್ಟೇ ಅದನ್ನು ಅಲ್ಲಿಟ್ಟು ಅವಳ ಬೆರಳುಗಳನ್ನು ತಾನೇ ಮಡಿಸಿದ್ದಳು. ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಉಳಿದ ಹತ್ತು ಮೊಟ್ಟೆ, ಅವುಗಳ ಮೇಲೆ ಕಾವಿಗೆ ಕೂತ ಹೇಂಟೆ. ಹೆಂಗಸು, ಹೇಂಟೆ ಇಬ್ಬರೂ ಊರಿಂದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದಿದ್ದರು.

“ಒಳಗಿರೋದು ಆಯಸ್ಕಾಂತ ಅಮ್ಮ. ಮೊಟ್ಟೆ ಒಂದೇ ಹೋಗ್ಬೇಕು,” ಎಂದಳು ಬೃಂದಾ.

“ಕಬ್ಬಿಣ ಬ್ಯಾಡ ಅಂದ್ರೆ ಮೊಟ್ಟೇನೂ ಬ್ಯಾಡ. ಪಕ್ಕದಲ್ಲಿ ಕಬ್ಬಿಣ ಇಲ್ದೆ ಗುಡುಗು ಕೇಳಿದ್ರೆ ಕಾವಿಗಿಟ್ಟ ಮೊಟ್ಟೆ ಕೆಡ್ತದೆ ಕಣವ್ವ. ಹೋದ್ಸಲ ನಮ್ಮನೆಯವ್ರು ಗುದ್ಲಿಗೆ ಬೆಣೆ ಮಾಡ್ತೀನಿ ಅಂತ ಇದ್ನ ಎತ್ಕಂಡೋದ್ರು. ಅವತ್ತೇ ಗುಡುಗ್ತು. ಮೂರು ಮರಿ ಕಣ್ಣೇ ಇಲ್ದೆ ಹುಟ್ಟುದ್ವು. ಇವತ್ತಿಗೂ ನಾನೇ ಅವುಕ್ಕೆ ಬಾಯಿಗೆ ನುಚ್ಚು ಇಡ್ತಾ ಇವ್ನಿ.”

“ಇಲ್ಲಿ ಎಲ್ಲಿಯ ಗುಡುಗು? ಹೊರಗೆ ನೋಡಿ, ಬಿಸಿಲು.”

ನೀರಿನ ಬಾಟಲಿಯಿಟ್ಟು ಪರೀಕ್ಷೆಗೆ ಬಿಟ್ಟಿದ್ದ ಮಿಷಿನ್ನು ಆ ಕ್ಷಣಕ್ಕೇ ಶುರುವಾಯಿತು. ಧಡ್ ಧಡ್ ಧಡ್ ಎಂದು ಗೋಡೆ ನಡುಗಿತು. ಹೇಂಟೆ ಮೈಯ ಗರಿಯನ್ನೆಲ್ಲ ಎಬ್ಬಿಸಿ ಕುರ್ಚಿಯ ತುಂಬ ಆಯಿತು. ಪುಟ್ಟತಾಯಮ್ಮ ಬೃಂದಾಳ ಮುಖವನ್ನೇ ನೋಡಿದಳು.

ಆ ಮೂರು ಕುರುಡು ಮರಿಗಳನ್ನು ನೋಡಿಯೇ ಬೃಂದಾ ಈ ಸಂಶೋಧನೆಗೆ ಇಳಿದದ್ದು. ಮೊಟ್ಟೆ ಒಡೆಯದೆ ಒಳಗಿನ ಕಣ್ಣು ನೋಡಬೇಕು. ಕಾವುಪೆಟ್ಟಿಗೆಯಲ್ಲಿಟ್ಟ ಎರಡು ಸರದಿ ಮೊಟ್ಟೆ ಕರೆಂಟು ಹೋಗಿ ಕೊಳೆತ ಮೇಲೆ ಕರೆಂಟಿಲ್ಲದ ಈ ಹೇಂಟೆಯನ್ನೇ ನಂಬಿದ್ದಳು. ಇವತ್ತಿಗೆ ಕಾವಿನ ಹತ್ತನೆಯ ದಿನ. ಭಾನುವಾರ ಎರಡರಿಂದ ಮೂರರವರೆಗೆ ಮಿಷಿನ್ನು ಅವಳದು, ಆಮೇಲೆ ಮನುಷ್ಯರದು. ಈ ಚಿತ್ರವೂ ಕೈಗೆ ಬಾರದಿದ್ದರೆ ವಿಷಯ ಬದಲಿಸು ಎಂದು ಗೈಡು ಹೇಳಿಯಾಗಿತ್ತು. ಗಂಟೆ ಎರಡೂಕಾಲು.

“ಹೋದ ತಿಂಗಳು ಆಯಾ ಒಬ್ಬಳ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲು ಹಾರಿ ಹೋಗಿ ಮಿಷಿನ್ನಿಗೆ ಅಂಟಿಕೊಳ್ತು. ಕೀಳೋಕೆ ಮೂರು ದಿನ,” ಎಂದ ಧರ್ಮೇಂದ್ರ. ಅವನು ಇನ್ನೂ ಬಾಗಿಲು ಬಿಟ್ಟಿರಲಿಲ್ಲ.

“ಅಮ್ಮ, ಕಬ್ಬಿಣ ಪಕ್ಕದಲ್ಲೇ ಇರಬೇಕಾ? ಸೋಕಿದ್ದರೆ ಸಾಲದಾ?”

ಪುಟ್ಟತಾಯಮ್ಮ ಯೋಚಿಸಿದಳು. “ಸೋಕಿದ್ರೆ ಸಾಕು.”

ಬೃಂದಾ ಅಲಮಾರಿಯಿಂದ ಬ್ಯಾಂಡೇಜ್ ಬಟ್ಟೆಯ ಸುರುಳಿ ತಂದಳು. ಒಂದು ತುದಿ ಮೊಟ್ಟೆಗೆ, ಇನ್ನೊಂದು ತುದಿ ಕುಡುಗೋಲಿಗೆ. ನಡುವಿನದು ಬಾಗಿಲ ಸಂದಿನಲ್ಲಿ.

“ಕಬ್ಬಿಣ ನಾನು ಹಿಡ್ಕೋತೀನಿ.”

“ನೀವು ಬ್ಯಾಡ. ನಿಮಗೆ ನಂಬಿಕೆ ಇಲ್ಲ, ಮರ್ತು ಎಲ್ಲಾರ ಇಟ್ಬುಡ್ತೀರಿ. ನಾನು ಹಿಡಿದ್ರೆ ಕೋಳೀನ ಹಿಡಿಯೋರು ಯಾರು? ಅವ್ರಿಗೆ ಕೊಡಿ. ಕಬ್ಬಿಣ ಕಂಡ್ರೆ ಎದೆ ಹೊಡ್ಕತದೆ ಅವ್ರಿಗೆ. ಅಂತೋರೇ ಬೇಕು.”

“ನಾನು ಡಿಪ್ಲೊಮಾ ಮಾಡಿದೋನು ಕಣಮ್ಮ.”

“ಇನ್ನೂ ವಾಸಿ. ನೆಲಕ್ಕೆ ಮಾತ್ರ ಇಡಬ್ಯಾಡಿ.”

ಮಿಷಿನ್ನು ಇಪ್ಪತ್ತೆರಡು ನಿಮಿಷ ಗುಡುಗಿತು. ಗಾಜಿನ ಈಚೆ ಧರ್ಮೇಂದ್ರ ಎಡಗೈಯಲ್ಲಿ ಕುಡುಗೋಲು ಹಿಡಿದು ಬಲಗೈಯ ಒಂದೇ ಬೆರಳಿನಿಂದ ಕೀಲಿಗಳನ್ನು ಒತ್ತುತ್ತಿದ್ದ. ಮೊದಮೊದಲು ಬೃಂದಾಳ ಕಡೆ ನೋಡಿ ಕಣ್ಣು ಮಿಟುಕಿಸಿದ. ಹತ್ತನೆಯ ನಿಮಿಷಕ್ಕೆ ಮೂಗು ತುರಿಸಿತು, ಕೆರೆದುಕೊಳ್ಳಲಿಲ್ಲ. ಹದಿನೈದನೆಯದಕ್ಕೆ ಹಿಡಿತ ಬಿಗಿಯಾಗಿ ಉಗುರು ಬೆಳ್ಳಗಾಗಿತ್ತು. ಆಮೇಲೆ ಪರದೆಯ ಬೂದಿ ಬಣ್ಣದೊಳಗಿಂದ ಎರಡು ದುಂಡನೆಯ ಕಣ್ಣುಗಳು ಎದ್ದು ಬಂದವು. ಅವು ಎಷ್ಟು ದೊಡ್ಡವಿದ್ದವೆಂದರೆ, ತಲೆಯೆಂಬುದು ಅವೆರಡರ ನಡುವೆ ಹೇಗೋ ಜಾಗ ಮಾಡಿಕೊಂಡಂತಿತ್ತು.

“ಎರಡೂ ಇವೆ! ಅಮ್ಮ, ಎರಡೂ ಸರಿಯಾಗಿವೆ!”

“ಇರ್ದೆ ಏನು? ಕಬ್ಬಿಣ ಇತ್ತಲ್ಲ,” ಎಂದಳು ಪುಟ್ಟತಾಯಮ್ಮ, ಹೇಂಟೆಯ ಬೆನ್ನು ಸವರುತ್ತ.

ಬೃಂದಾ ಪುಸ್ತಕ ತೆರೆದು ಹೊತ್ತು ಬರೆದಳು, ಉಷ್ಣತೆ ಬರೆದಳು. ‘ಬ್ಯಾಂಡೇಜ್ ಬಟ್ಟೆ, ಹದಿನಾಲ್ಕು ಅಡಿ, ಕುಡುಗೋಲಿಗೆ ಜೋಡಿಸಿದ್ದು’ ಎಂದೂ ಬರೆದಳು. ಹೊಡೆದು ಹಾಕಿದಳು. ಮತ್ತೆ ಬರೆದಳು. ಆ ಸಾಲನ್ನು ಗೈಡು ಓದುವುದನ್ನು ಊಹಿಸಿಕೊಂಡು ಪೆನ್ನು ಕೆಳಗಿಟ್ಟಳು.

“ಇನ್ನೂ ಹದಿನೈದು ನಿಮಿಷ ಇದೆ. ಇನ್ನೊಂದೇ ಒಂದು ಸಣ್ಣ ಸ್ಕ್ಯಾನ್, ಮೊಟ್ಟೆಗೆ ಕಟ್ಟಿದ ಬಟ್ಟೆ ಬಿಚ್ಚಿ. ಬಟ್ಟೆ ಇಲ್ಲದ್ದೊಂದು ಚಿತ್ರ ಇಲ್ಲದಿದ್ರೆ ಇದನ್ನ ಯಾರೂ ಒಪ್ಪಲ್ಲ. ಅಮ್ಮ, ದಯವಿಟ್ಟು.”

ಜಗಳಕ್ಕೆ ಅವಳು ಸಿದ್ಧಳಾಗಿದ್ದಳು. ಆದರೆ ಪುಟ್ಟತಾಯಮ್ಮ ಕೈಚೆಲ್ಲಿದಳು.

“ನನ್ನೇನು ಕೇಳೀರಿ? ಈಗ ಕಬ್ಬಿಣ ಅವರ ಕೈಲೈತೆ. ಅವರು ಊಂ ಅಂದ್ರೆ ಊಂ.”

ಬೃಂದಾ ಧರ್ಮೇಂದ್ರನ ಕಡೆ ತಿರುಗಿ ನಕ್ಕಳು. ಇಲ್ಲಿ ತೊಂದರೆಯೇ ಇರಲಿಲ್ಲ.

“ಧರ್ಮೇಂದ್ರ, ಪ್ರಬಂಧದಲ್ಲಿ ನಿಮ್ಮ ಹೆಸರೂ ಹಾಕ್ತೀನಿ. ಕೊನೇಲಿ ಕೃತಜ್ಞತೆ ಅಂತ ಅಲ್ಲ. ಮೇಲೆ, ನನ್ನ ಹೆಸರಿನ ಪಕ್ಕದಲ್ಲೇ. ಬಿಚ್ಚಿ.”

ಧರ್ಮೇಂದ್ರ ಪರದೆಯ ಮೇಲಿನ ಎರಡು ಕಣ್ಣುಗಳನ್ನು ನೋಡಿದ. ಬಾಗಿಲ ಸಂದಿನ ಬಟ್ಟೆ ಸಡಿಲವಾಗಿಲ್ಲವಷ್ಟೆ ಎಂದು ಮೆಲ್ಲಗೆ ಜಗ್ಗಿ ನೋಡಿದ.

“ಆಗಲ್ಲ ಮೇಡಂ,” ಎಂದ.